ಕಪಿಲೆಗೆ ಹಿಡಿಸದ ಸೈಲೆನ್ಸರ್

ಮನುಷ್ಯನಿಗೆ ಒಂದು ವಯಸ್ಸಾದ ಮೇಲೆ ತಾನು ಬಂದದ್ದು ನಾಲ್ಕು ಜನಕ್ಕೆ ಗೊತ್ತಾಗಬೇಕು ಎಂಬ ಚಪಲ ಶುರುವಾಗುತ್ತದೆ. ಕೆಲವರು ಅದಕ್ಕಾಗಿ ಗರಿಗರಿ ಬಿಳಿ ಬಟ್ಟೆ ತೊಡುತ್ತಾರೆ, ಕೆಲವರು ಪಂಚಾಯಿತಿ ಚುನಾವಣೆಗೆ ನಿಲ್ಲುತ್ತಾರೆ, ಇನ್ನು ಕೆಲವರು ಹೊಸ್ತಿಲು ದಾಟುವ ಮೊದಲೇ ಗಂಟಲು ಸರಿಮಾಡಿಕೊಂಡು ಕೆಮ್ಮುತ್ತಾರೆ. ನಮ್ಮಪ್ಪ ಕೆಮ್ಮುವವರ ಗುಂಪಿಗೆ ಸೇರಿದವರು. ಅವರ ಕೆಮ್ಮು ಬೀದಿ ತಿರುವಿನಲ್ಲಿ ಕೇಳಿಸಿದರೆ ಸಾಕು, ಮನೆಯಲ್ಲಿ ತಟ್ಟೆ ತಾನಾಗಿ ಬಂದು ಕೂರುತ್ತಿತ್ತು. ನನಗೆ ಅಂಥ ಕೆಮ್ಮು ದಕ್ಕಲಿಲ್ಲ. ನಾನು ಕೆಮ್ಮಿದರೆ ನನ್ನ ಹೆಂಡತಿ ರತ್ನ ಕಷಾಯ ಮಾಡುತ್ತಾಳೆ. ಬಿಳಿ ಬಟ್ಟೆ ನಮ್ಮೂರು ಹದಿನಾರಿನ ಮಣ್ಣಿಗೆ ಬಾಳುವುದಿಲ್ಲ, ಚುನಾವಣೆಗೆ ನಿಂತರೆ ಸ್ವಂತ ಮನೆಯ ವೋಟೇ ಅನುಮಾನ. ಆದ್ದರಿಂದ ನಾನು ಕಾರು ಕೊಂಡೆ.

ಕಾರು ಎಂದರೆ ಎಲ್ಲರ ಮನೆ ಮುಂದೆ ನಿಲ್ಲುವಂಥದ್ದಲ್ಲ. ಇಟಲಿಯವರು ಮಾಡುವ, ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡೇ ಓಡುವ ಕೆಂಪು ಸ್ಪೋರ್ಟ್ಸ್ ಕಾರು. ನಿಜ ಹೇಳಬೇಕೆಂದರೆ ಅದರ ನಕಲು. ಇನ್ನೂ ನಿಜ ಹೇಳಬೇಕೆಂದರೆ, ಹಳೆಯ ಪುಟ್ಟ ಕಾರೊಂದರ ಎಂಜಿನ್ನು, ಚಾಸಿ ಹಾಗೇ ಇಟ್ಟುಕೊಂಡು ಮೇಲೆ ಫೈಬರ್ ಮೈ ಕೂರಿಸಿದ ನಕಲು. ನರಸೀಪುರದ ಫೋಟೋ ಸ್ಟುಡಿಯೋದವರೊಬ್ಬರು ಮದುವೆಗೆ ಮುಂಚಿನ ಫೋಟೋಗಳಿಗೆಂದು ಅದನ್ನು ಮಾಡಿಸಿದ್ದರು. ಗಂಡು ಹೆಣ್ಣು ಸಂಗಮದ ಮರಳಿನಲ್ಲಿ ಅದಕ್ಕೆ ಒರಗಿ ನಿಲ್ಲುವುದು, ಗಂಡು ಕಪ್ಪು ಕನ್ನಡಕ ಹಾಕಿಕೊಂಡು ದೂರದ ತೆಂಗಿನ ಮರವನ್ನು ಗಂಭೀರವಾಗಿ ನೋಡುವುದು, ಇಷ್ಟೇ ಅದರ ಕೆಲಸ. ಫೋಟೋದಲ್ಲಿ ಸದ್ದು ಬರುವುದಿಲ್ಲವಾದ್ದರಿಂದ ಅದರ ಸದ್ದಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಡ್ರೋನು ಬಂದ ಮೇಲೆ ಜನಕ್ಕೆ ಕಾರು ಬೇಡವಾಯಿತು, ಅದು ನನ್ನ ಪಾಲಿಗೆ ಬಂತು.

ನೋಡಿದರೆ ಹುಲಿ, ಬಾಯಿ ಬಿಟ್ಟರೆ ಹಳೆಯ ಹಿಟ್ಟಿನ ಗಿರಣಿ. ಸಣ್ಣ ಎಂಜಿನ್ನು, ತುಕ್ಕು ಹಿಡಿದ ಒಂಟಿ ಕೊಳವೆಯ ಸೈಲೆನ್ಸರ್, ಅದರ ಹೊಟ್ಟೆಯಲ್ಲೊಂದು ತೂತು. ಪಟಪಟ ಎಂದು ಒಂದಷ್ಟು ಹೊತ್ತು, ಆಮೇಲೆ ಖೊರ್ರ್ ಎಂದು ಒಂದು ಉಸಿರು, ಮತ್ತೆ ಪಟಪಟ. ನಾನು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಮೊದಲ ದಿನ ಕಾರಿನಲ್ಲಿ ಹೋದಾಗ ಗೇಟಿನವನು ಬೆನ್ನು ತಿರುಗಿಸಿಕೊಂಡೇ ಕೂತಿದ್ದ. ಯಾಕಪ್ಪಾ ಗೇಟು ತೆಗೆಯಲಿಲ್ಲ ಎಂದರೆ, ಯಾವುದೋ ಟಿಲ್ಲರ್ ಹೋಗ್ತಾ ಇದೆ ಅಂದ್ಕೊಂಡೆ ಸಾ ಎಂದ. ನಂಜನಗೂಡಿನ ಬಜಾರಿನಲ್ಲಿ ಜನ ಕಾರನ್ನು ನೋಡಿ ಮೊಬೈಲು ತೆಗೆಯುತ್ತಿದ್ದರು, ಸ್ಟಾರ್ಟು ಮಾಡಿದೊಡನೆ ನಗುತ್ತಾ ಜೇಬಿಗಿಡುತ್ತಿದ್ದರು. ಆ ನಗು ನನ್ನನ್ನು ಒಳಗೊಳಗೇ ತಿಂದುಹಾಕಿತು. ಸೈಲೆನ್ಸರ್ ಬದಲಾಯಿಸದೆ ನನಗೆ ಸುಖವಿಲ್ಲ ಎಂದು ತೀರ್ಮಾನಿಸಿದೆ.

ರತ್ನ ಮಾತ್ರ ಬೇಡ ಎಂದಳು. ಅವಳಿಗೆ ಕಾರಿನ ಮೇಲೆ ಪ್ರೀತಿಯೇನೂ ಇರಲಿಲ್ಲ, ಅವಳ ಚಿಂತೆಯೆಲ್ಲ ಕಪಿಲೆಯದು. ಕಪಿಲೆ ನಮ್ಮ ಹಸು. ರತ್ನಳ ತವರು ಸೋಸಲೆಯಿಂದ ಬಳುವಳಿಯಾಗಿ ಬಂದ ಹಸುವಿನ ಮಗಳು. ಹೋದ ಮಳೆಗಾಲದಲ್ಲಿ ಅದು ಹಾಕಿದ ಕರು ಉಳಿಯಲಿಲ್ಲ. ಕರು ಬಾಯಿ ಹಾಕದೆ ಹಸು ಹಾಲಿಳಿಸುವುದು ಕಷ್ಟ, ತೊರೆ ಬಿಡುವುದು ಎನ್ನುತ್ತೇವಲ್ಲ, ಅದನ್ನು ಕಪಿಲೆ ನಿಲ್ಲಿಸಿಯೇಬಿಟ್ಟಿತ್ತು. ಕೆಚ್ಚಲು ತುಂಬಿ ಬಿಗಿದುಕೊಂಡಿದ್ದರೂ ಒಂದು ಹನಿ ಕೊಡದೆ ಕರು ಕಟ್ಟುತ್ತಿದ್ದ ಗೂಟವನ್ನೇ ನೋಡುತ್ತಾ ನಿಂತಿರುತ್ತಿತ್ತು. ಅದರ ಹೊಟ್ಟೆಗೆ ಹಣೆ ಆನಿಸಿಕೊಂಡು ರತ್ನ ಅಳುತ್ತಾ ಕೂತಿದ್ದ ಒಂದು ಸಂಜೆ ನಾನು ನಂಜನಗೂಡಿನಿಂದ ಬೂಸಾ ಮೂಟೆ ಹಾಕಿಕೊಂಡು ಬಂದೆ. ಸ್ಪೋರ್ಟ್ಸ್ ಕಾರಿನಲ್ಲಿ ಇರುವುದೇ ಎರಡು ಸೀಟು, ಒಂದರಲ್ಲಿ ನಾನು, ಇನ್ನೊಂದರಲ್ಲಿ ಬೆಲ್ಟು ಕಟ್ಟಿಸಿಕೊಂಡ ಬೂಸಾ. ಪಟಪಟ ಖೊರ್ರ್ ಎಂದು ಕಾರು ತಿರುವಿಗೆ ಬಂದಾಗ ಕಪಿಲೆ ಕಿವಿ ನಿಗುರಿಸಿತಂತೆ, ನಾನು ಮೂಟೆ ಇಳಿಸಿ ಒಂದು ಬೊಗಸೆ ಮುಂದೆ ಇಟ್ಟೊಡನೆ ಹಾಲು ಇಳಿಯಿತು. ಅಂದಿನಿಂದ ಸಂಜೆ ಕಾರಿನ ಸದ್ದಿಗೆ, ಬೆಳಗ್ಗೆ ನಾನು ಎಂಜಿನ್ನನ್ನು ಕೆಮ್ಮಿಸಿ ಕೆಮ್ಮಿಸಿ ಎಬ್ಬಿಸುವ ಸದ್ದಿಗೆ, ಕಪಿಲೆ ಹಾಲಿಳಿಸುತ್ತಿತ್ತು. ಹೊಸ ಸದ್ದು ಬಂದರೆ ಅದು ಮತ್ತೆ ಮುನಿಸಿಕೊಳ್ಳುತ್ತದೆ ಎಂಬುದು ರತ್ನಳ ವಾದ. ಹಸುವಿಗೆ ಸೈಲೆನ್ಸರ್ ಗೊತ್ತಾಗುತ್ತದೆಯೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ನರಸೀಪುರದಲ್ಲಿ ಅಸ್ಲಂ ಭಾಯಿ ಎಂಬ ವೆಲ್ಡಿಂಗ್ ಅಂಗಡಿಯವರಿದ್ದಾರೆ. ಬೈಕುಗಳಿಗೆ ಸದ್ದು ಕೂರಿಸುವುದರಲ್ಲಿ ತಾಲ್ಲೂಕಿಗೆಲ್ಲ ಹೆಸರು. ಭಾನುವಾರ ಬೆಳಗ್ಗೆ ಅವರ ಮುಂದೆ ಹೋಗಿ ನಿಂತಾಗ ಅವರು ಮೊಬೈಲಿನಲ್ಲಿ ಒಂದೊಂದೇ ಸದ್ದು ಕೇಳಿಸಿದರು. ಸೀರೆ ಅಂಗಡಿಯಲ್ಲಿ ಹೆಂಗಸರು ಸೆರಗು ಬಿಡಿಸಿ ನೋಡುವಂತೆ ನಾನು ಕಣ್ಣು ಮುಚ್ಚಿ ಒಂದೊಂದನ್ನೂ ಕೇಳಿದೆ. ಕೊನೆಗೆ ಜೋಡಿ ಕೊಳವೆಯ, ಕನ್ನಡಿಯಂತೆ ಹೊಳೆಯುವ ಒಂದು ಸೈಲೆನ್ಸರ್ ಒಪ್ಪಿದೆ. ಎಂಜಿನ್ನು ಚಿಕ್ಕದು, ಸದ್ದು ಬರುತ್ತದೆ, ವೇಗ ಬರುವುದಿಲ್ಲ ಎಂದು ಅಸ್ಲಂ ಭಾಯಿ ಮೊದಲೇ ಹೇಳಿದರು. ನನಗೆ ವೇಗ ಯಾರಿಗೆ ಬೇಕಾಗಿತ್ತು? ಹಳೆಯದನ್ನು ಏನು ಮಾಡಲಿ ಎಂದು ಕೇಳಿದರು. ಎಲ್ಲಾದರೂ ಬಿಸಾಕಿ ಎಂದೆ. ಮಧ್ಯಾಹ್ನ ಕಾರು ಸ್ಟಾರ್ಟು ಮಾಡಿದಾಗ ಎದುರಿನ ಬೇಕರಿಯ ಗಾಜು ಅದುರಿತು. ನನ್ನ ಎದೆ ಉಬ್ಬಿತು ಎಂದರೆ ಸುಳ್ಳಲ್ಲ.

ನೇರ ಊರಿಗೆ ಹೋಗಿದ್ದರೆ ಆಗುತ್ತಿತ್ತು. ಆದರೆ ನಕ್ಕವರಿಗೆ ಕೇಳಿಸದ ಸದ್ದಿಗೆ ಬೆಲೆಯೇನು? ನಂಜನಗೂಡಿಗೆ ಬಳಸಿಕೊಂಡು ಹೊರಟೆ. ಪಟ್ಟಣ ಹತ್ತಿರವಾಗುತ್ತಿದ್ದಂತೆ ಒಂದು ವಿಷಯ ನೆನಪಾಗಿ ಬೆವರಿದೆ. ಇಂಥ ಸೈಲೆನ್ಸರ್‌ಗಳನ್ನು ಪೊಲೀಸರು ಕಿತ್ತು, ಸಾಲಾಗಿ ರಸ್ತೆಯ ಮೇಲೆ ಮಲಗಿಸಿ, ರೋಡ್ ರೋಲರ್ ಹತ್ತಿಸುವುದನ್ನು ನಾನೇ ಟೀವಿಯಲ್ಲಿ ನೋಡಿ ಹಾಗೇ ಆಗಬೇಕು ಎಂದಿದ್ದೆ. ಸರ್ಕಲ್ಲಿನಲ್ಲಿ ಖಾಕಿ ಕಂಡಿತು. ಎಂಜಿನ್ನು ಆರಿಸಿ ಇಳಿದು, ಕಾರು ಕೆಟ್ಟಿದೆ ಎಂಬ ಮುಖ ಮಾಡಿಕೊಂಡು ತಳ್ಳತೊಡಗಿದೆ. ಪೊಲೀಸಿನವರು ಒಳ್ಳೆಯವರು, ಅವರೂ ಬಂದು ಕೈ ಹಾಕಿದರು. ಬಜಾರು ದಾಟುವವರೆಗೂ ಇಬ್ಬರೂ ತಳ್ಳಿದೆವು. ಯಾರಿಗೆ ಕೇಳಿಸಬೇಕೆಂದು ಹೋಗಿದ್ದೆನೋ ಅವರೆಲ್ಲ ಅಂಗಡಿ ಬಾಗಿಲಲ್ಲಿ ನಿಂತು ನೋಡಿದರು. ಈಗ ಸ್ಟಾರ್ಟು ಮಾಡಿ ನೋಡಿ ಎಂದು ಆ ಮಹಾನುಭಾವರು ಅಂದಾಗ, ತಣ್ಣಗಾಗಲಿ ಸಾರ್ ಎಂದು ಅವರು ಕಣ್ಮರೆಯಾಗುವವರೆಗೆ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.

ಸಂಜೆ ಹದಿನಾರಿನ ತಿರುವಿಗೆ ಬಂದಾಗ ಪೆಟ್ರೋಲ್ ಪೆಡಲನ್ನು ಸ್ವಲ್ಪ ಗಟ್ಟಿಯಾಗಿಯೇ ತುಳಿದೆ. ಬೀದಿಯ ಕೋಳಿಗಳು ಹಾರಿದವು. ಮನೆ ಮುಂದೆ ನಿಲ್ಲಿಸಿದಾಗ ಕೊಟ್ಟಿಗೆಯಿಂದ ಬಕೆಟ್ಟು ಉರುಳಿದ ಸದ್ದು, ಅವ್ವನ ಕೂಗು, ರತ್ನಳ ಧ್ವನಿ ಒಟ್ಟಿಗೇ ಬಂದವು. ಕಪಿಲೆ ಹಗ್ಗ ಜಗ್ಗಿಕೊಂಡು, ಕಣ್ಣಿನ ಬಿಳಿ ಕಾಣುವಂತೆ ಬೆದರಿ, ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬೂಸಾ ಇಟ್ಟರೆ ಮೂಸಲಿಲ್ಲ. ರತ್ನ ಕುಕ್ಕರುಗಾಲಿನಲ್ಲಿ ಕೂತು ಎಷ್ಟೋ ಹೊತ್ತು ಕೆಚ್ಚಲು ನೀವಿದಳು, ಒಂದು ಲೋಟದಷ್ಟೂ ಬರಲಿಲ್ಲ. ಡೈರಿಗೆ ಹಾಲಿಲ್ಲ ಎಂದು ಹೇಳಿಕಳಿಸಿದಳು. ನನಗೆ ಬೈಯಲಿಲ್ಲ.

ಅವ್ವ ಕಾರಿಗೆ ಬಿದ್ದ ದೃಷ್ಟಿಯೆಲ್ಲ ಹಸುವಿಗೆ ತಗುಲಿದೆ ಎಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು, ಕಪಿಲೆಯೂ ಕೆಮ್ಮಿತು, ಹಾಲು ಬರಲಿಲ್ಲ. ಬೆಳಗ್ಗೆ ಎದ್ದಾಗ ಕೆಚ್ಚಲು ಕಲ್ಲಾಗಿತ್ತು, ಮುಟ್ಟಿದರೆ ಕಪಿಲೆ ಒದೆಯುತ್ತಿತ್ತು. ಹಳೆಯ ಸದ್ದನ್ನು ಮೊಬೈಲಿನಲ್ಲಾದರೂ ಕೇಳಿಸೋಣವೆಂದರೆ, ನಾಚಿಕೆಪಡುವ ಸದ್ದನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಕೊನೆಗೆ ನಾನೇ ಕೊಟ್ಟಿಗೆಯ ಹೊರಗೆ ನಿಂತು ಬಾಯಲ್ಲಿ ಪಟಪಟ ಖೊರ್ರ್ ಎಂದೆ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಕಪಿಲೆ ತಿರುಗಿಯೂ ನೋಡಲಿಲ್ಲ. ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದರೆ, ಸಂಜೆಯೊಳಗೆ ಕೆಚ್ಚಲು ಖಾಲಿಯಾಗದಿದ್ದರೆ ಬಾವು ಬರುತ್ತದೆ, ಬಾವು ಬಂದರೆ ಮೊಲೆ ಉಳಿಯುವುದು ಕಷ್ಟ, ಬೇಕಾದರೆ ಸೂಜಿ ಹಾಕಿ ಇಳಿಸಬಹುದು, ಆದರೆ ಒಮ್ಮೆ ಸೂಜಿಗೆ ಒಗ್ಗಿಕೊಂಡರೆ ಆಮೇಲೆ ಅದಿಲ್ಲದೆ ಇಳಿಸದೆಯೂ ಹೋಗಬಹುದು ಎಂದರು. ರತ್ನ ಸೂಜಿ ಬೇಡ ಎಂದಳು. ನಂತರ ನನ್ನ ಕಡೆ ನೋಡಿ ಹೇಳಿದಳು.

"ಕರುನೂ ಓಯ್ತು, ಈಗ ಕೆಚ್ಚಲೂ ಓಗ್ಲಿ ಅಂತೀರಾ? ಸಂಜೆಗೆ ಆ ಅಳೇ ಸದ್ದು ಈ ಬೀದೀಲಿ ಕೇಳಿಸ್ಬೇಕು ಕಣ್ರೀ. ಎಂಗೆ ತತ್ತೀರೋ ನಂಗೊತ್ತಿಲ್ಲ."

ಕಾರ್ಖಾನೆಗೆ ರಜೆ ಹಾಕಿ ನರಸೀಪುರಕ್ಕೆ ಗರ್ಜಿಸುತ್ತಾ ಹೋದೆ. ಅಸ್ಲಂ ಭಾಯಿ ತಲೆ ಕೆರೆದುಕೊಂಡರು. ಬಿಸಾಕಿ ಎಂದು ನಾನೇ ಹೇಳಿದ್ದೆನಲ್ಲ, ಆದರೂ ಅವರು ಬಿಸಾಡಿರಲಿಲ್ಲ. ಭಾನುವಾರ ಸಂಜೆಯೇ ಸೋಸಲೆಯ ಪುಟ್ಟಸ್ವಾಮಿಗೌಡರು ಬಂದು ತಮ್ಮ ಡೀಸೆಲ್ ಪಂಪಿಗೆ ಬೇಕೆಂದು ಕೊಂಡೊಯ್ದು, ಬೋಲ್ಟು ಬಿಗಿದು ಕೂರಿಸಿಕೊಂಡಿದ್ದರು. ಸೋಸಲೆ ಎಂದರೆ ನನ್ನ ಹೆಂಡತಿಯ ತವರು. ಪುಟ್ಟಸ್ವಾಮಿಗೌಡರು ರತ್ನಳಿಗೆ ದಾಯಾದಿ ಕಡೆಯಿಂದ ದೊಡ್ಡಪ್ಪ, ನನಗೆ ಮಾವ. ಹೆಂಡತಿಯ ಊರಿನಲ್ಲಿ ಅಳಿಯನಾದವನು ಕೊಟ್ಟದ್ದನ್ನು ತಿನ್ನಬೇಕು, ಕೇಳಿದ್ದಕ್ಕೆ ಹೂಂ ಎನ್ನಬೇಕು, ತಾನಾಗಿ ಏನನ್ನೂ ಕೇಳಬಾರದು. ನಾನು ಮದುವೆಯಾದಾಗಿನಿಂದ ಆ ಊರಿನಲ್ಲಿ ಎರಡನೆಯ ಲೋಟ ನೀರು ಕೇಳಿದವನಲ್ಲ. ಅಲ್ಲಿಗೆ ಹೋಗಿ, ಮಾವ, ನಿಮ್ಮ ಪಂಪಿನ ಸೈಲೆನ್ಸರ್ ಬಿಚ್ಚಿಕೊಡಿ ಎನ್ನುವುದು ಹೇಗೆ?

ಹೋದೆ. ಕಾರಿನ ಸದ್ದಿಗೆ ಬೀದಿಯೇ ಹೊರಗೆ ಬಂತು. ಗೌಡರು ನನ್ನನ್ನು ಕಂಡು ಹಿಗ್ಗಿ, ಕಾಲು ತೊಳೆಯಲು ನೀರು ಕೊಡಿಸಿ, ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಒಳಗೆ ತಿರುಗಿ ಕೋಳಿ ಹಿಡಿಯಲು ಹೇಳಿದರು. ಕೋಳಿ ಹಿಡಿದು, ಕೊಯ್ದು, ಮಸಾಲೆ ಅರೆದು, ಸಾರು ಕುದಿಯುವುದೆಂದರೆ ಹೊತ್ತು ಕಂತಿದಂತೆಯೇ. ಇವತ್ತು ಸೋಮವಾರ, ನಾನು ಮುಟ್ಟುವುದಿಲ್ಲ ಎಂದೆ. ನಂಜುಂಡೇಶ್ವರನ ಹೆಸರಿನಲ್ಲಿ ಆ ಸುಳ್ಳು ಹೇಳುವಾಗ ಭಯವೂ ಆಯಿತು, ನಾನು ಸೋಮವಾರ ಮಂಗಳವಾರ ನೋಡುವವನಲ್ಲ. ಗೌಡರ ಮುಖದಲ್ಲಿ ಗೌರವ ಮೂಡಿತು. ಹಾಗಾದರೆ ಒಬ್ಬಟ್ಟು ಮಾಡಿ ಎಂದು ಒಳಗೆ ಹೇಳಿದರು. ಬೇಳೆ ಬೇಯಲು ಇಟ್ಟ ಸದ್ದು ಕೇಳಿಸಿತು. ಕೋಳಿಯಾದರೂ ಬೇಗ ಆಗುತ್ತಿತ್ತು.

ಅಲ್ಲಿ ಬೇಳೆ ಬೇಯುತ್ತಿತ್ತು, ಇಲ್ಲಿ ನಾನು. ಗೌಡರು ತಾಂಡ್ಯದ ಕಾರ್ಖಾನೆಗಳ ವಿಚಾರ ಕೇಳಿದರು, ಕಬ್ಬಿನ ಕಾರ್ಖಾನೆಯವರನ್ನು ಬೈದರು, ರತ್ನ ಚಿಕ್ಕವಳಿದ್ದಾಗ ನಾಲೆಗೆ ಬಿದ್ದದ್ದನ್ನು ಹೇಳಿದರು. ನಾನು ಹೂಂ ಹೂಂ ಎನ್ನುತ್ತಾ ಜಗಲಿಯ ಮೇಲಿನ ಬಿಸಿಲು ಹಿಂದೆ ಸರಿಯುವುದನ್ನೇ ನೋಡುತ್ತಿದ್ದೆ. ಮೊಬೈಲು ನಡುಗಿತು, ರತ್ನ. ಕಪಿಲೆ ಒದ್ದಾಡ್ತಾ ಅವಳೆ, ಎಲ್ಲಿದ್ದೀರಿ ಎಂದಳು. ನಿಮ್ಮ ದೊಡ್ಡಪ್ಪನ ಮನೆಯಲ್ಲಿ ಒಬ್ಬಟ್ಟಿಗೆ ಕಾಯುತ್ತಿದ್ದೇನೆ ಎನ್ನುವ ಧೈರ್ಯ ಬರಲಿಲ್ಲ, ದಾರಿಯಲ್ಲಿದ್ದೇನೆ ಎಂದೆ. ದೂರದಲ್ಲಿ ಹೊಳೆಯ ದಡದಿಂದ ಪಟಪಟ ಖೊರ್ರ್ ಎಂದು ಕೇಳಿಸುತ್ತಿತ್ತು. ನನ್ನದೇ ಸದ್ದು, ಗೌಡರ ಭತ್ತದ ಸಸಿಯ ಒಟ್ಟಲಿಗೆ ನೀರು ಹಾಯಿಸುತ್ತಿತ್ತು. ಬಾಯಿ ತೆರೆದರೆ ಆಗುತ್ತಿತ್ತು, ಆದರೆ ಪ್ರತಿ ಸಲವೂ ಅಳಿಯ ಎಂಬ ಪದವಿ ಬಂದು ನಾಲಿಗೆಯ ಮೇಲೆ ಕೂರುತ್ತಿತ್ತು. ಒಬ್ಬಟ್ಟು ಬಂತು. ತುಪ್ಪ ಸುರಿದರು. ಮೊದಲ ತುತ್ತು ತಿಂದು ಕೈ ನಿಲ್ಲಿಸಿದೆ. ಯಾಕೆ ಅಳಿಯಂದ್ರೆ, ಸಿಹಿ ಸಾಲದಾ ಎಂದು ಗೌಡರು ಕೇಳಿದಾಗ ನನಗೆ ಅಳುವೇ ಬಂದುಬಿಟ್ಟಿತು. ಕಪಿಲೆ, ಕರು, ಕೆಚ್ಚಲು, ಸೈಲೆನ್ಸರ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಗೌಡರು ಎದ್ದು ನಿಂತರು. ತಟ್ಟೆಯನ್ನು ನನ್ನ ಮುಂದಿನಿಂದ ಎಳೆದುಕೊಂಡರು. ಅಳಿಯನ ಮುಂದಿನ ತಟ್ಟೆ ಎಳೆದದ್ದು ಆ ಮನೆಯಲ್ಲಿ ಅದೇ ಮೊದಲಿರಬೇಕು, ಬಾಗಿಲ ಬಳಿ ನಿಂತಿದ್ದ ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಬಾಯಿಲ್ದಿರೋ ಜೀವ ಅಲ್ಲಿ ಒದ್ದಾಡ್ತಾ ಅದೆ, ನೀವಿಲ್ಲಿ ಒಬ್ಬಟ್ಟು ತಿನ್ಕಂಡು ಕುಂತಿದ್ದೀರಾ? ನಮ್ಮೂರ ಅಸು ಕಣ್ರೀ ಅದು. ಬಂದೇಟ್ಗೇ ಏಳೋಕೇನಾಗಿತ್ತು ನಿಮ್ಗೆ?"

ಗೌಡರು ಆಗಲೇ ಸ್ಪ್ಯಾನರ್ ಹಿಡಿದು ಹೊಳೆಯ ದಾರಿ ಹಿಡಿದಿದ್ದರು. ಪಂಪು ನಿಲ್ಲಿಸಿ, ಕಾದ ಸೈಲೆನ್ಸರಿಗೆ ಗೋಣಿಚೀಲ ಸುತ್ತಿ, ಬಿಚ್ಚಿ ನನ್ನ ಕೈಗಿತ್ತರು. ನಿಮ್ಮ ಪಂಪಿಗೆ ಏನು ಮಾಡುತ್ತೀರಿ ಮಾವ ಎಂದರೆ, ಆ ಗರ್ಜಿಸುವುದನ್ನು ಇಲ್ಲಿಗೆ ಕಳಿಸಿ ಎಂದರು. ಅಸ್ಲಂ ಭಾಯಿ ಅಂಗಡಿಯ ಬಾಗಿಲು ಹಾಕುವವರಿದ್ದರು, ಕೈಮುಗಿದು ತೆಗೆಸಿದೆ. ಜೋಡಿ ಕೊಳವೆ ಇಳಿಯಿತು, ತುಕ್ಕಿನದು ಏರಿತು. ಹೊಟ್ಟೆಯ ತೂತನ್ನು ಅವರು ಅಭ್ಯಾಸಬಲದಿಂದ ಮುಚ್ಚಲು ಹೋದಾಗ ಅವರ ಕೈ ಹಿಡಿದುಕೊಂಡೆ. ತೂತು ಇರಲಿ ಎಂದು ಅಂಗಲಾಚಿದ ಗಿರಾಕಿ ಅವರ ಜೀವಮಾನದಲ್ಲಿ ನಾನೊಬ್ಬನೇ ಇರಬೇಕು.

ಹದಿನಾರಿನ ತಿರುವಿಗೆ ಬಂದಾಗ ಬೀದಿ ದೀಪ ಆಗಷ್ಟೇ ಹತ್ತಿತ್ತು. ಪಟಪಟ ಎನ್ನುತ್ತಾ ಬಂದ ಕಾರು ಸರಿಯಾಗಿ ಖೊರ್ರ್ ಎನ್ನಬೇಕಾದ ಜಾಗದಲ್ಲಿ ಎನ್ನುತ್ತದೋ ಇಲ್ಲವೋ ಎಂದು ಉಸಿರು ಬಿಗಿಹಿಡಿದಿದ್ದೆ. ಎಂದಿತು. ಡಾಕ್ಟರು ಬ್ಯಾಗು ತೆರೆದಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ರತ್ನ ಒಳಗಿನಿಂದಲೇ ಕೈ ಎತ್ತಿ, ಎಂಜಿನ್ನು ಆರಿಸಬೇಡಿ ಎಂದು ಸನ್ನೆ ಮಾಡಿದಳು. ನಾನು ಸ್ಟೀರಿಂಗ್ ಹಿಡಿದು ಅಲ್ಲಾಡದೆ ಕೂತೆ. ಕಪಿಲೆಯ ಕಿವಿ ಒಂದು ಸಲ ಹಿಂದೆ, ಒಂದು ಸಲ ಮುಂದೆ ಹೋಯಿತು. ಆಮೇಲೆ ಅದು ದೊಡ್ಡದಾಗಿ ಉಸಿರು ಬಿಟ್ಟಿತು. ಖಾಲಿ ಬಕೆಟ್ಟಿಗೆ ಹಾಲಿನ ಮೊದಲ ಧಾರೆ ಬಿದ್ದ ಸದ್ದು ನನಗೆ ಎಂಜಿನ್ನಿನ ಗಲಾಟೆಯಲ್ಲೂ ಕೇಳಿಸಿತು. ನನ್ನ ಕಣ್ಣು ತುಂಬಿ ಬಂತು. ಡಾಕ್ಟರು ಬ್ಯಾಗು ಮುಚ್ಚಿ ಎದ್ದರು.

ನೊರೆ ತುಂಬಿದ ಬಕೆಟ್ಟು ಹೊರಗೆ ಬಂದ ಮೇಲೆ ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಸ್ವಲ್ಪ ದೊಡ್ಡ ಧ್ವನಿಯಲ್ಲೇ ಅಂದೆ. ಇಷ್ಟು ದೊಡ್ಡ ತಾಲ್ಲೂಕಿನಲ್ಲಿ ನಾನು ಬರುವುದನ್ನು ಕಿವಿಗೊಟ್ಟು ಕಾಯುವ ಜೀವ ಒಂದಿದೆ, ನಾನೇ ತಿಳಿದುಕೊಂಡಿರಲಿಲ್ಲ ಎಂದೆ. ಜನ ನಗಲಿ, ಗೇಟಿನವನು ಟಿಲ್ಲರ್ ಎನ್ನಲಿ, ಈ ಪ್ರೀತಿಯ ಮುಂದೆ ಅದೆಲ್ಲ ಯಾವ ಲೆಕ್ಕ ಎಂದೂ ಸೇರಿಸಿದೆ. ಹಿಂದಿನ ದಿನದಿಂದ ನನ್ನೊಡನೆ ಸರಿಯಾಗಿ ಮಾತಾಡದಿದ್ದ ರತ್ನ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕಾರಿನೊಳಗೆ ಬಗ್ಗಿ ನೋಡಿದಳು. ಪಕ್ಕದ ಸೀಟು ಖಾಲಿಯಾಗಿತ್ತು.

"ಬೂಸಾ ಎಲ್ಲಿ?"

ದಿನವಿಡೀ ಆ ಓಡಾಟದಲ್ಲಿ ಬೂಸಾ ತರಬೇಕೆನ್ನುವುದು ನನ್ನ ತಲೆಗೇ ಬಂದಿರಲಿಲ್ಲ, ಮನೆಯಲ್ಲಿದ್ದದ್ದೂ ಬೆಳಗ್ಗೆಯೇ ಮುಗಿದಿತ್ತು. ಕಪಿಲೆ ಕತ್ತು ಚಾಚಿ, ಮೂಗರಳಿಸಿ, ನನ್ನ ಎರಡೂ ಕೈಗಳನ್ನು ಬಾರಿ ಬಾರಿಗೆ ನೋಡುತ್ತಿತ್ತು.

"ನೀವು ತಂದೇ ತತ್ತೀರಿ ಅಂತ ನಂಬಿ ಕೊಟ್ಬುಟ್ಟವಳೆ, ಪಾಪ," ಎಂದಳು ರತ್ನ. "ಅವಳೂ ನನ್ನಂಗೇ."

ನಾನು ಕಾರು ತಿರುಗಿಸಿದೆ. ಅಂಗಡಿ ಮುಚ್ಚುವ ಮೊದಲು ನಂಜನಗೂಡು ಸೇರಬೇಕಾಗಿತ್ತು, ಕಾರೋ ಟಿಲ್ಲರಿಗಿಂತ ಜೋರಾಗಿ ಓಡುವುದಿಲ್ಲ.